ಕೀಲಿಮಣೆಯಿಂದ ಗಾಜಿಗೆ: ಸ್ಪರ್ಶಪರದೆ ಫೋನುಗಳ ಆರಂಭಕಾಲ

ಸ್ಪರ್ಶಪರದೆಯ ಸ್ಮಾರ್ಟ್‌ಫೋನಿನ ಚರಿತ್ರೆಯನ್ನು 2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದ ವೇದಿಕೆಯೊಂದರ ಮೇಲೆ ಆ್ಯಪಲ್ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಐಫೋನನ್ನು ತೋರಿಸಿದ ಗಳಿಗೆಯಿಂದ ಆರಂಭಿಸುವುದು ವಾಡಿಕೆ. ಈ ವಾಡಿಕೆ ನಿರಾಧಾರವಾದುದೇನಲ್ಲ. ಆದರೆ ಅದು ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಬೆರಳಿನ ಸ್ಪರ್ಶವನ್ನು ಗುರುತಿಸುವ ಪರದೆಗೆ ಆ ಹೊತ್ತಿಗಾಗಲೇ ನಲವತ್ತು ವರ್ಷ ತುಂಬಿತ್ತು, ಅಂಥ ಪರದೆಯಿದ್ದ ಫೋನು ಮಾರುಕಟ್ಟೆಗೆ ಬಂದು ಹನ್ನೆರಡು ವರ್ಷಗಳೇ ಕಳೆದಿದ್ದವು. 2007ರಲ್ಲಿ ನಿಜವಾಗಿ ಹೊಸದಾಗಿದ್ದುದು ಪರದೆಯಲ್ಲ. ಕಾರ್ಖಾನೆಯಲ್ಲಿ ಒಮ್ಮೆ ಕೂರಿಸಿದರೆ ಮತ್ತೆ ಬದಲಿಸಲಾಗದ ಗುಂಡಿಗಳನ್ನು ಫೋನಿನ ಮೈಮೇಲಿಂದ ತೆಗೆದುಹಾಕಿ, ಆ ಜಾಗವನ್ನೆಲ್ಲ ತಂತ್ರಾಂಶಕ್ಕೆ ಒಪ್ಪಿಸಿದ ನಿರ್ಧಾರ. ಅಲ್ಲಿಯವರೆಗೆ ಯಂತ್ರ ತಯಾರಕರ ಮತ್ತು ದೂರವಾಣಿ ಜಾಲ ನಡೆಸುವವರ ಕೈಯಲ್ಲಿದ್ದ ಯಜಮಾನಿಕೆ ಕೆಲವೇ ವರ್ಷಗಳಲ್ಲಿ ತಂತ್ರಾಂಶದ ಒಡೆಯರ ಪಾಲಾಗಲು ಕಾರಣವಾದದ್ದು ಈ ನಿರ್ಧಾರವೇ.

ಸ್ಪರ್ಶಪರದೆ ಹುಟ್ಟಿದ್ದು ಜೇಬಿನಲ್ಲಿಡುವ ವಸ್ತುವಾಗಿ ಅಲ್ಲ, ನಿಯಂತ್ರಣ ಕೊಠಡಿಗಳ ಅಗತ್ಯವಾಗಿ. ಇಂಗ್ಲೆಂಡಿನ ಮಾಲ್ವರ್ನ್ ಊರಿನಲ್ಲಿದ್ದ ರಾಯಲ್ ರೇಡಾರ್ ಸಂಸ್ಥೆಯ ಇ. ಎ. ಜಾನ್ಸನ್ 1965ರಲ್ಲಿ, ವಿಮಾನ ಸಂಚಾರವನ್ನು ನಿಯಂತ್ರಿಸುವವರು ಪರದೆಯನ್ನೇ ಮುಟ್ಟಿ ಯಂತ್ರಕ್ಕೆ ಆಜ್ಞೆ ಕೊಡಬಹುದಾದ ವಿಧಾನವೊಂದನ್ನು ವಿವರಿಸಿ ಲೇಖನ ಪ್ರಕಟಿಸಿದರು. 1970ರ ದಶಕದ ಆರಂಭದಲ್ಲಿ ಜಿನೀವಾ ಬಳಿಯ ಸೆರ್ನ್ ಸಂಶೋಧನಾ ಕೇಂದ್ರದ ಬೆಂಟ್ ಸ್ಟುಂಪೆ ಮತ್ತು ಫ್ರಾಂಕ್ ಬೆಕ್, ಕಣವೇಗವರ್ಧಕದ ನಿಯಂತ್ರಣ ಕೊಠಡಿಯಲ್ಲಿ ಸಾವಿರಾರು ಗುಂಡಿಗಳನ್ನು ಜೋಡಿಸುವ ಬದಲು ಅಗತ್ಯಕ್ಕೆ ತಕ್ಕಂತೆ ಹೆಸರು ಬದಲಿಸುವ ಗುಂಡಿಗಳನ್ನು ಗಾಜಿನ ಮೇಲೆ ಮೂಡಿಸುವ ಪಾರದರ್ಶಕ ಪರದೆಯನ್ನು ರೂಪಿಸಿದರು. ಮುಂದೆ ಐಫೋನಿನ ಪರವಾಗಿ ಮಂಡಿಸಲಾದ ಮುಖ್ಯ ವಾದವೆಲ್ಲ ಈ ಕೊಠಡಿಯ ಲೆಕ್ಕಾಚಾರದಲ್ಲಿ ಆಗಲೇ ಅಡಗಿತ್ತು.

ಈ ಎರಡೂ ಪರದೆಗಳು ಬಳಸಿದ ತತ್ವವನ್ನು ಧಾರಕ ವಿಧಾನವೆಂದು ಕರೆಯಬಹುದು. ಗಾಜಿನ ಮೇಲೆ ವಿದ್ಯುತ್ ಹರಿಯಬಲ್ಲ ತೆಳುವಾದ ಪಾರದರ್ಶಕ ಲೇಪನವಿದ್ದು, ಮನುಷ್ಯನ ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುದಾವೇಶದಲ್ಲಿ ಆಗುವ ಕಿಂಚಿತ್ ವ್ಯತ್ಯಾಸವನ್ನು ಅಳೆದು ಸ್ಪರ್ಶದ ಜಾಗವನ್ನು ಪತ್ತೆಹಚ್ಚುವುದು ಇದರ ಕ್ರಮ. ಇದಕ್ಕೆ ಒತ್ತಡ ಬೇಡ, ಚರ್ಮ ತಾಗಿದರೆ ಸಾಕು. ಅಮೆರಿಕದ ಕೆಂಟಕಿಯಲ್ಲಿ ಸ್ಯಾಮ್ ಹರ್ಸ್ಟ್ ಎಂಬ ಭೌತವಿಜ್ಞಾನಿ ಅದೇ ದಶಕದಲ್ಲಿ ಬೆಳೆಸಿದ ರೋಧಕ ವಿಧಾನ ಇದಕ್ಕಿಂತ ಭಿನ್ನವಾದುದು. ಅದರಲ್ಲಿ ಕೂದಲೆಳೆಯ ಅಂತರದಲ್ಲಿರುವ ಎರಡು ಪದರಗಳು ಒತ್ತಿದಾಗ ಪರಸ್ಪರ ತಾಗಿ, ತಾಗಿದ ಬಿಂದು ಯಾವುದೆಂದು ಯಂತ್ರಕ್ಕೆ ತಿಳಿಯುತ್ತದೆ. ರೋಧಕ ಪರದೆ ಅಗ್ಗವಾಗಿತ್ತು, ಉಗುರಾಗಲಿ ಕಡ್ಡಿಯಾಗಲಿ ಯಾವುದರಿಂದ ಒತ್ತಿದರೂ ಕೆಲಸ ಮಾಡುತ್ತಿತ್ತು; ಆದ್ದರಿಂದ ಕೈಯಲ್ಲಿ ಹಿಡಿಯುವ ಉಪಕರಣಗಳಿಗೆ ಮುಂದಿನ ಮೂರು ದಶಕ ಅದೇ ಆಯ್ಕೆಯಾಯಿತು.

ಫೋನು ಮತ್ತು ಸ್ಪರ್ಶಪರದೆ ಮೊದಲು ಒಂದಾದದ್ದು ಐಬಿಎಂ ಕಂಪನಿಯ ‘ಸೈಮನ್’ನಲ್ಲಿ. 1992ರ ನವೆಂಬರ್‌ನಲ್ಲಿ ಲಾಸ್ ವೇಗಾಸ್‌ನ ಪ್ರದರ್ಶನವೊಂದರಲ್ಲಿ ಮಾದರಿಯಾಗಿ ಕಾಣಿಸಿಕೊಂಡ ಈ ಉಪಕರಣವನ್ನು ಬೆಲ್‌ಸೌತ್ ಎಂಬ ದೂರವಾಣಿ ಕಂಪನಿ 1994ರ ಆಗಸ್ಟ್‌ನಲ್ಲಿ, ಸೇವಾ ಕರಾರಿನೊಂದಿಗೆ 899 ಡಾಲರ್ ಬೆಲೆಗೆ ಮಾರಾಟಕ್ಕಿಟ್ಟಿತು. ಅರ್ಧ ಕಿಲೊ ತೂಗುತ್ತಿದ್ದ, ಸುಮಾರು ಒಂದು ಗಂಟೆ ಮಾತಾಡುವಷ್ಟರಲ್ಲಿ ಬ್ಯಾಟರಿ ಬರಿದಾಗುತ್ತಿದ್ದ ಈ ಇಟ್ಟಿಗೆಯಂಥ ವಸ್ತುವಿನಲ್ಲಿ ಇ-ಮೇಲ್, ಫ್ಯಾಕ್ಸ್, ದಿನಚರಿ, ವಿಳಾಸಪಟ್ಟಿಗಳಿದ್ದವು. ಸಂಖ್ಯೆ ಒತ್ತುವ ಗುಂಡಿಗಳು ಪರದೆಯ ಮೇಲೆಯೇ ಮೂಡುತ್ತಿದ್ದವು. ಆರು ತಿಂಗಳ ಅವಧಿಯಲ್ಲಿ ಸುಮಾರು 50,000 ಸೈಮನ್‌ಗಳು ಮಾರಾಟವಾಗಿ ತಯಾರಿಕೆ ನಿಂತುಹೋಯಿತು. ಕಲ್ಪನೆಯಲ್ಲಿ ಕೊರತೆಯಿರಲಿಲ್ಲ; ಬ್ಯಾಟರಿ, ಸಂಸ್ಕಾರಕ, ನಿಸ್ತಂತು ಜಾಲ ಈ ಮೂರೂ ಕಲ್ಪನೆಗೆ ಸಾಟಿಯಾಗಿ ಬೆಳೆದಿರಲಿಲ್ಲ.

ಅನಂತರದ ಹತ್ತು ಹನ್ನೆರಡು ವರ್ಷಗಳನ್ನು ಕಡ್ಡಿಯ ಕಾಲವೆನ್ನಬಹುದು. 1993ರ ಆ್ಯಪಲ್ ನ್ಯೂಟನ್, 1996ರ ಪಾಮ್ ಪೈಲಟ್, 2000ದಲ್ಲಿ ಬಂದ ಎರಿಕ್ಸನ್ ಆರ್380, 2004ರಲ್ಲಿ ನೋಕಿಯಾ ಪ್ರಕಟಿಸಿದ 7710 ಇವೆಲ್ಲವೂ ಸ್ಪರ್ಶಪರದೆಯ ಉಪಕರಣಗಳೇ. ಆದರೆ ಮೈಗೆ ಸಿಕ್ಕಿಸಿಕೊಂಡ ಸ್ಟೈಲಸ್, ಅಂದರೆ ಮೊನಚಾದ ಪುಟ್ಟ ಪ್ಲಾಸ್ಟಿಕ್ ಕಡ್ಡಿ, ಇವುಗಳ ನಿತ್ಯಸಂಗಾತಿಯಾಗಿತ್ತು. ಮೇಜಿನ ಮೇಲಿನ ಕಂಪ್ಯೂಟರಿನ ಕಿಟಕಿಗಳು, ಪಟ್ಟಿಗಳು, ಚಿಕ್ಕ ಚಿಕ್ಕ ಚಿತ್ರಗಳನ್ನು ಹಾಗೆಯೇ ಕುಗ್ಗಿಸಿ ಅಂಗೈಯಗಲದ ಪರದೆಗೆ ಇಳಿಸಿದ್ದರಿಂದ, ಅವುಗಳನ್ನು ಮುಟ್ಟಲು ಬೆರಳು ದಪ್ಪವಾಯಿತು, ಕಡ್ಡಿ ಅನಿವಾರ್ಯವಾಯಿತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಡ್ಡಿ ಹಿಡಿದು ಬಸ್ಸಿನಲ್ಲಿ ನಿಂತವನಿಗೆ ಕಂಬ ಹಿಡಿಯಲು ಮೂರನೆಯ ಕೈ ಬೇಕಾಗುತ್ತಿತ್ತು ಎಂಬುದನ್ನು ಈ ಉಪಕರಣಗಳ ವಿನ್ಯಾಸಕಾರರು ಗಂಭೀರವಾಗಿ ಪರಿಗಣಿಸಿದಂತೆ ಕಾಣುವುದಿಲ್ಲ.

ಇದೇ ಕಡ್ಡಿಯ ಕಾಲದಲ್ಲಿ ಬೆಂಗಳೂರಿನಲ್ಲಿ ನಡೆದ ಪ್ರಯೋಗವೊಂದು ಜಾಗತಿಕ ಇತಿಹಾಸಗಳಲ್ಲಿ ಅಡಿಟಿಪ್ಪಣಿಯಷ್ಟೇ ಜಾಗ ಪಡೆದಿದ್ದರೂ ಹೆಚ್ಚಿನ ಗಮನಕ್ಕೆ ಅರ್ಹವಾದುದು. 1998ರ ಅಕ್ಟೋಬರ್‌ನಲ್ಲಿ ನಗರದಲ್ಲಿ ಜರುಗಿದ, ಅಭಿವೃದ್ಧಿಶೀಲ ದೇಶಗಳಿಗೆ ಮಾಹಿತಿ ತಂತ್ರಜ್ಞಾನವನ್ನು ಒದಗಿಸುವ ಕುರಿತ ಸಮಾವೇಶದ ಚರ್ಚೆಗಳಿಂದ ಮೊಳೆತ ಈ ಯೋಜನೆಯ ಫಲವೇ ‘ಸಿಂಪ್ಯೂಟರ್’. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತವರ ಸಹೋದ್ಯೋಗಿಗಳೂ ಸೇರಿ ರೂಪಿಸಿದ ಇದರ ಮಾದರಿ 2001ರ ಏಪ್ರಿಲ್‌ನಲ್ಲಿ ಸಾರ್ವಜನಿಕರ ಮುಂದೆ ಬಂದಿತು. ಕೀಲಿಮಣೆಯಿಲ್ಲದ, ಕಡ್ಡಿಯಿಂದ ಮುಟ್ಟುವ ಪರದೆಯುಳ್ಳ, ಮುಕ್ತ ತಂತ್ರಾಂಶವಾದ ಲಿನಕ್ಸ್ ಮೇಲೆ ನಡೆಯುವ, ಅಂಗೈಯಲ್ಲಿ ಹಿಡಿಯಬಹುದಾದ ಕಂಪ್ಯೂಟರು ಇದು. ಓದು ಬಾರದವರೂ ಬಳಸಬೇಕೆಂಬುದು ಇದರ ಮೂಲ ಉದ್ದೇಶವಾಗಿದ್ದುದರಿಂದ ಪರದೆಯ ಮೇಲಿನ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ಭಾರತೀಯ ಭಾಷೆಗಳಿಗಾಗಿ ಬರೆಯಲಾಯಿತು, ಅವುಗಳಲ್ಲಿ ಕನ್ನಡವೂ ಸೇರಿತ್ತು.

ಸಿಂಪ್ಯೂಟರಿನ ಎಲ್ಲಕ್ಕಿಂತ ಸ್ವಾರಸ್ಯಕರ ಅಂಶ ಅದರ ಬದಿಯಲ್ಲಿದ್ದ ಸ್ಮಾರ್ಟ್ ಕಾರ್ಡಿನ ಗೂಡು. ಪ್ರತಿಯೊಬ್ಬರೂ ಉಪಕರಣವನ್ನು ಕೊಳ್ಳಲಾರರು ಎಂಬುದನ್ನು ಮೊದಲೇ ಒಪ್ಪಿಕೊಂಡಿದ್ದ ವಿನ್ಯಾಸಕಾರರು, ಊರಿಗೊಂದು ಸಿಂಪ್ಯೂಟರ್ ಇದ್ದು, ಒಬ್ಬೊಬ್ಬರ ಬಳಿಯೂ ತಮ್ಮ ಮಾಹಿತಿಯನ್ನು ಉಳಿಸಿಕೊಂಡ ಒಂದೊಂದು ಕಾರ್ಡ್ ಇರಲಿ, ಪಂಚಾಯಿತಿ ಕಟ್ಟೆಯಲ್ಲೋ ಅಂಗಡಿಯಲ್ಲೋ ಬಾಡಿಗೆಗೆ ಸಿಗುವ ಉಪಕರಣಕ್ಕೆ ಅದನ್ನು ತೂರಿಸಿದರೆ ಅಷ್ಟು ಹೊತ್ತಿನ ಮಟ್ಟಿಗೆ ಅದು ಅವರದೇ ಆಗಲಿ ಎಂದು ಯೋಚಿಸಿದ್ದರು. 2004ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ ಹೊರಬಂದ ‘ಅಮಿಡಾ’ ಎಂಬ ಆವೃತ್ತಿಯಲ್ಲಿ ಚಲನೆಯನ್ನು ಗ್ರಹಿಸುವ ಸಂವೇದಕವೂ ಇದ್ದು, ಉಪಕರಣವನ್ನು ಓಲಿಸಿ ಅಲುಗಿಸಿ ಕೆಲಸ ಮಾಡಿಸಬಹುದಾಗಿತ್ತು. ಜಗತ್ತಿನ ಬಹುಪಾಲು ಜನರಿಗೆ ಈ ಅನುಭವ ದೊರೆತದ್ದು ಮೂರು ವರ್ಷಗಳ ನಂತರ, ಐಫೋನಿನಿಂದ. ಅಗ್ಗದ ಮಾದರಿಯ ಬೆಲೆ ಹತ್ತು ಸಾವಿರ ರೂಪಾಯಿಗಿಂತ ತುಸು ಕಡಿಮೆಯಿದ್ದರೂ ಮಾರಾಟ ಕೆಲವೇ ಸಾವಿರಕ್ಕೆ ನಿಂತಿತು. ತಂತ್ರಜ್ಞಾನ ಕೈಕೊಟ್ಟದ್ದು ಇದಕ್ಕೆ ಕಾರಣವಲ್ಲ. ಹಳ್ಳಿಗೆ ಬೇಕಾದದ್ದು ಮೊದಲಿಗೆ ಮಾತು; ಸಿಂಪ್ಯೂಟರ್ ಮೂಲತಃ ಫೋನಾಗಿರಲಿಲ್ಲ. ಅದರ ಬೆಲೆಯ ಒಂದು ಪಾಲಿಗೆ ನೋಕಿಯಾದ ಟಾರ್ಚ್ ಇರುವ ಫೋನು ಸಿಗುತ್ತಿದ್ದ ಆ ವರ್ಷಗಳಲ್ಲಿ ರೈತನೊಬ್ಬ ಯಾವುದನ್ನು ಆರಿಸಿಕೊಂಡಾನು ಎಂಬುದು ಊಹಿಸಲು ಕಷ್ಟವಾದ ಸಂಗತಿಯಲ್ಲ. ಹಂಚಿಕೊಂಡು ಬಳಸುವ ಉಪಕರಣವೆಂಬ ಉದಾತ್ತ ಕಲ್ಪನೆಯನ್ನು ಸೋಲಿಸಿದ್ದು ಸ್ವಂತದ್ದೊಂದು ಇರಲೆಂಬ ಸಹಜ ಆಸೆ.

ಕಡ್ಡಿಯನ್ನು ಕೈಬಿಡುವ ದಾರಿ ತೆರೆದದ್ದು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ. ಅತಿಯಾದ ಟೈಪಿಂಗ್‌ನಿಂದ ಕೈನೋವಿಗೆ ತುತ್ತಾಗಿದ್ದ ಸಂಶೋಧನಾ ವಿದ್ಯಾರ್ಥಿ ವೇಯ್ನ್ ವೆಸ್ಟರ್‌ಮನ್ ಮತ್ತು ಅವರ ಮಾರ್ಗದರ್ಶಕ ಜಾನ್ ಎಲಿಯಾಸ್, ಒತ್ತುವ ಗುಂಡಿಗಳ ಬದಲು ಮೃದುವಾಗಿ ಸವರಿದರೆ ಸಾಕಾಗುವ ಹಲಗೆಯೊಂದನ್ನು ರೂಪಿಸಿ, ಒಂದೇ ಸಮಯಕ್ಕೆ ಹಲವು ಬೆರಳುಗಳ ಚಲನೆಯನ್ನು ಬೇರೆಬೇರೆಯಾಗಿ ಗುರುತಿಸುವ ಬಹುಸ್ಪರ್ಶ ವಿಧಾನವನ್ನು ಪಳಗಿಸಿದರು. ಇವರ ಫಿಂಗರ್‌ವರ್ಕ್ಸ್ ಕಂಪನಿಯನ್ನು 2005ರಲ್ಲಿ ಆ್ಯಪಲ್ ಕೊಂಡುಕೊಂಡಿತು. ಅಲ್ಲಿ ಆಗಲೇ ಗುಟ್ಟಾಗಿ ನಡೆಯುತ್ತಿದ್ದ ಕೆಲಸ ಮೊದಲು ಹಲಗೆಯಂಥ ಕಂಪ್ಯೂಟರಿನತ್ತ ಮುಖಮಾಡಿದ್ದು, ಅನಂತರ ಫೋನಿನ ಕಡೆಗೆ ತಿರುಗಿತು.

ಗುಂಡಿಯಿಲ್ಲದ ಫೋನಿನ ಮುಂದಿದ್ದ ದೊಡ್ಡ ತೊಡಕು ಟೈಪಿಂಗ್. ಬೆರಳ ತುದಿಗಿಂತ ಚಿಕ್ಕದಾದ ಅಕ್ಷರಗಳನ್ನು ಗಾಜಿನ ಮೇಲೆ ತಪ್ಪಿಲ್ಲದೆ ಮುಟ್ಟುವುದು ಅಸಾಧ್ಯವೆಂದು ಆ್ಯಪಲ್‌ನ ಒಳಗೇ ಅನೇಕರು ನಂಬಿದ್ದರು. ಕೆನ್ ಕೊಸಿಯೆಂಡ ಎಂಬ ತಂತ್ರಾಂಶಕಾರ ಕಂಡುಕೊಂಡ ಪರಿಹಾರ ಗಾಜನ್ನು ತಿದ್ದುವುದಾಗಿರಲಿಲ್ಲ, ಬೆರಳಿನ ತಪ್ಪನ್ನು ಮನ್ನಿಸುವುದಾಗಿತ್ತು: ಮುಟ್ಟಿದ ಅಕ್ಷರದ ಜತೆಗೆ ಅದರ ನೆರೆಹೊರೆಯವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ನಿಘಂಟಿನ ನೆರವಿನಿಂದ ಬಳಕೆದಾರ ಬರೆಯಲು ಹೊರಟ ಪದವನ್ನು ತಂತ್ರಾಂಶವೇ ಊಹಿಸಿ ತಿದ್ದುತ್ತಿತ್ತು. ಕಣ್ಣಿಗೆ ಒಂದೇ ಗಾತ್ರವಾಗಿ ಕಾಣುವ ಅಕ್ಷರಗಳ ಪೈಕಿ ಮುಂದೆ ಬರುವ ಸಂಭವ ಹೆಚ್ಚಿರುವ ಅಕ್ಷರದ ಸ್ಪರ್ಶಕ್ಷೇತ್ರ ಗುಟ್ಟಾಗಿ ಹಿಗ್ಗುತ್ತಿತ್ತು. ಲೋಹ ಮತ್ತು ರಬ್ಬರಿನ ಕೆಲಸವನ್ನು ಸಂಭಾವ್ಯತೆಯ ಗಣಿತ ವಹಿಸಿಕೊಂಡ ಈ ಬದಲಾವಣೆ, ನೋಡಿದವರಿಗೆ ಕಾಣದಿದ್ದರೂ, ಐಫೋನಿನ ಗಾಜಿಗಿಂತ ಹೆಚ್ಚು ಮಹತ್ವದ್ದು.

2007ರ ಜನವರಿಯ ಪ್ರದರ್ಶನ ನಡೆದಾಗ ಉಪಕರಣ ಇನ್ನೂ ಹಸಿಯಾಗಿತ್ತು. ಯಾವ ಕೆಲಸವಾದ ಮೇಲೆ ಯಾವುದನ್ನು ಮಾಡಿದರೆ ಅದು ಕುಸಿದು ಬೀಳುವುದಿಲ್ಲವೆಂದು ಎಂಜಿನಿಯರುಗಳು ಮೊದಲೇ ಪತ್ತೆಹಚ್ಚಿ ‘ಸುವರ್ಣ ಪಥ’ವೆಂದು ಕರೆದ ಕ್ರಮದಲ್ಲೇ ಜಾಬ್ಸ್ ನಡೆದುಕೊಂಡರು, ನೆನಪಿನ ಕೋಶ ತುಂಬಿ ನಿಂತುಹೋದರೆ ಬದಲಿಸಿಕೊಳ್ಳಲೆಂದು ವೇದಿಕೆಯ ಮೇಲೆ ಒಂದಕ್ಕಿಂತ ಹೆಚ್ಚು ಫೋನುಗಳನ್ನು ಇರಿಸಲಾಗಿತ್ತು. ಜೂನ್ 29ರಂದು ಅಮೆರಿಕದಲ್ಲಿ ಮಾರಾಟ ಆರಂಭವಾದಾಗ ಬೆಲೆ 499 ಮತ್ತು 599 ಡಾಲರ್ ಇದ್ದು, ಅದರ ಮೇಲೆ ಎರಡು ವರ್ಷದ ಸೇವಾ ಕರಾರೂ ಕಡ್ಡಾಯವಾಗಿತ್ತು. ಮೂರನೆಯ ಪೀಳಿಗೆಯ ಜಾಲಕ್ಕೆ, ಅಂದರೆ 3ಜಿಗೆ, ಅದು ಒಗ್ಗುತ್ತಿರಲಿಲ್ಲ. ವಿಡಿಯೊ ಚಿತ್ರೀಕರಿಸಲು ಬರುತ್ತಿರಲಿಲ್ಲ. ಒಂದೆಡೆಯ ಪಠ್ಯವನ್ನು ನಕಲಿಸಿ ಇನ್ನೊಂದೆಡೆ ಅಂಟಿಸುವ ಸರಳ ಸೌಲಭ್ಯಕ್ಕೂ ಗ್ರಾಹಕರು 2009ರವರೆಗೆ ಕಾಯಬೇಕಾಯಿತು. 2006ರಲ್ಲಷ್ಟೇ ಪ್ರಕಟವಾಗಿದ್ದ ಎಲ್‌ಜಿ ಕಂಪನಿಯ ‘ಪ್ರಾಡಾ’ ಫೋನಿನಲ್ಲೂ ಬೆರಳಿಗೆ ಸ್ಪಂದಿಸುವ ಧಾರಕ ಪರದೆಯೇ ಇತ್ತು, ಅದು ಐಫೋನಿಗಿಂತ ಮೊದಲೇ ಅಂಗಡಿಗೂ ಬಂದಿತ್ತು. ಆದರೂ ಪ್ರಾಡಾ ಒಂದು ಸುಂದರ ಫೋನಾಗಿ ಉಳಿಯಿತು. ಐಫೋನ್ ಒಂದು ಕಂಪ್ಯೂಟರಾಗಿ ಬೆಳೆಯಿತು. ಒಂದರ ಒಳಗಿದ್ದುದು ಹಳೆಯ ಫೋನಿನ ತಂತ್ರಾಂಶ, ಇನ್ನೊಂದರ ಒಳಗಿದ್ದುದು ಮೇಜಿನ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯಿಂದಲೇ ಇಳಿದುಬಂದದ್ದು.

ಸಿಂಗ್ಯುಲರ್ ಎಂಬ ಹೆಸರಿನಿಂದ ಎಟಿ ಅಂಡ್ ಟಿ ಆಗಿ ಬದಲಾಗುತ್ತಿದ್ದ ದೂರವಾಣಿ ಕಂಪನಿ ಈ ಫೋನಿಗಾಗಿ ಒಪ್ಪಿಕೊಂಡ ಕರಾರನ್ನು ಚರಿತ್ರಕಾರರು ಇನ್ನಷ್ಟು ಗಮನಿಸಬೇಕಿತ್ತು. ಅಮೆರಿಕದಲ್ಲಿ ಅಲ್ಲಿಯವರೆಗೆ ಫೋನಿನಲ್ಲಿ ಏನಿರಬೇಕು, ಯಾವ ಸೌಲಭ್ಯಕ್ಕೆ ಎಷ್ಟು ದುಡ್ಡು ಎಂಬುದನ್ನೆಲ್ಲ ಜಾಲದ ಒಡೆಯರೇ ನಿರ್ಧರಿಸುತ್ತಿದ್ದರು; ಇಲ್ಲಿ ಮೊದಲ ಬಾರಿಗೆ ಫೋನಿನ ರೂಪ, ತಂತ್ರಾಂಶ, ಬೆಲೆ ಇವುಗಳ ಹಕ್ಕನ್ನು ತಯಾರಕರಿಗೆ ಬಿಟ್ಟುಕೊಡಲಾಯಿತು. 2008ರ ಜುಲೈ 10ರಂದು 500 ಆ್ಯಪ್‌ಗಳೊಂದಿಗೆ ಆ್ಯಪಲ್ ತನ್ನ ಆ್ಯಪ್ ಮಳಿಗೆಯನ್ನು ತೆರೆದಾಗ ಆ ಹಕ್ಕಿನ ವ್ಯಾಪ್ತಿ ಸ್ಪಷ್ಟವಾಯಿತು. ಆ್ಯಪ್ ಎಂದರೆ ನಿರ್ದಿಷ್ಟ ಕೆಲಸಕ್ಕಾಗಿ ಹೊರಗಿನವರೂ ಬರೆದು ಮಾರಬಹುದಾದ ಕಿರುತಂತ್ರಾಂಶ; ಮಾರಾಟದ ನೂರಕ್ಕೆ ಮೂವತ್ತು ಪಾಲು ಆಗ ಮಳಿಗೆಯ ಒಡೆಯನಿಗೆ ಹೋಗುತ್ತಿತ್ತು, ಯಾವುದನ್ನು ಮಾರಬಹುದೆಂಬ ತೀರ್ಮಾನವೂ ಅವನದೇ ಆಗಿತ್ತು. ಗುಂಡಿಗಳು ಹೋದ ಜಾಗದಲ್ಲಿ ಪ್ರತಿ ಆ್ಯಪ್ ತನಗೆ ಬೇಕಾದ ಗುಂಡಿಗಳನ್ನು ತಾನೇ ಬರೆದುಕೊಂಡಿತು.

ಪ್ರತಿಸ್ಪರ್ಧಿಗಳ ಪೈಕಿ ಬೇಗ ಪಾಠ ಕಲಿತದ್ದು ಗೂಗಲ್. ಆ್ಯಂಡಿ ರೂಬಿನ್ ಮತ್ತು ಸಂಗಡಿಗರು 2003ರಲ್ಲಿ ಸ್ಥಾಪಿಸಿ, 2005ರಲ್ಲಿ ಗೂಗಲ್ ಕೊಂಡುಕೊಂಡಿದ್ದ ಆ್ಯಂಡ್ರಾಯ್ಡ್ ಕಂಪನಿ, ಬ್ಲ್ಯಾಕ್‌ಬೆರಿಯನ್ನು ಹೋಲುವ, ಗುಂಡಿಗಳಿದ್ದ ಫೋನೊಂದರ ಸಿದ್ಧತೆಯಲ್ಲಿತ್ತು. ಐಫೋನ್ ಕಂಡ ಮೇಲೆ ಅದನ್ನು ಬದಿಗಿಟ್ಟು ಸ್ಪರ್ಶಪರದೆಯ ಮಾದರಿಗೆ ಆದ್ಯತೆ ಕೊಟ್ಟಿತು. 2008ರ ಅಕ್ಟೋಬರ್‌ನಲ್ಲಿ ಮಾರಾಟಕ್ಕೆ ಬಂದ ಮೊದಲ ಆ್ಯಂಡ್ರಾಯ್ಡ್ ಫೋನು ಎಚ್‌ಟಿಸಿ ಡ್ರೀಮ್ ಈ ಅವಸರದ ಗುರುತನ್ನು ಮೈಮೇಲೆ ಹೊತ್ತಿತ್ತು: ಪರದೆಯ ಕೆಳಗಿನಿಂದ ಜಾರಿ ಹೊರಬರುವ ಕೀಲಿಮಣೆ ಅದಕ್ಕಿತ್ತು, ಪರದೆಯ ಮೇಲಿನ ಕೀಲಿಮಣೆ ಬಂದದ್ದು ಮರುವರ್ಷದ ತಂತ್ರಾಂಶದಲ್ಲಿ. ಆದರೆ ಯಾವ ತಯಾರಕರಾದರೂ ಶುಲ್ಕವಿಲ್ಲದೆ ಬಳಸಬಹುದಾದ ಕಾರ್ಯಾಚರಣ ವ್ಯವಸ್ಥೆ ಅದಾಗಿದ್ದುದರಿಂದ, ದುಬಾರಿ ಐಫೋನ್ ತೋರಿಸಿದ ದಾರಿಯಲ್ಲಿ ಜಗತ್ತಿನ ಹೆಚ್ಚಿನ ಜನರನ್ನು ನಡೆಸಿದ್ದು ಆ್ಯಂಡ್ರಾಯ್ಡೇ.

ಹಳಬರು ಹೊಸದನ್ನು ಕಡೆಗಣಿಸಿ ಮಲಗಿದ್ದರೆಂದು ಹೇಳುವುದು ಅನ್ಯಾಯ. ಅವರು ಅದನ್ನು ತಮ್ಮ ಅಭ್ಯಾಸಕ್ಕೆ ತಕ್ಕಂತೆ ಬಗ್ಗಿಸಲು ಹೋದರು. ಗುಂಡಿಗಳಿಗೆ ಹೆಸರಾದ ಬ್ಲ್ಯಾಕ್‌ಬೆರಿಯ ತಯಾರಕರು 2008ರ ನವೆಂಬರ್‌ನಲ್ಲಿ ತಂದ ‘ಸ್ಟಾರ್ಮ್’ ಫೋನಿನಲ್ಲಿ ಇಡೀ ಪರದೆಯೇ ಒಂದು ದೊಡ್ಡ ಗುಂಡಿಯಾಗಿ, ಪ್ರತಿ ಅಕ್ಷರಕ್ಕೂ ಟಕ್ಕೆಂದು ಕೆಳಗಿಳಿಯುತ್ತಿತ್ತು. ವೇಗವಾಗಿ ಬರೆಯುವವರಿಗೆ ಅದು ಹಿಂಸೆಯಾಯಿತು. ಅದೇ ಕಾಲಕ್ಕೆ ಬಂದ ನೋಕಿಯಾ 5800ರಲ್ಲಿ ರೋಧಕ ಪರದೆಯಿದ್ದು, ಗಿಟಾರ್ ಮೀಟುವ ಬಿಲ್ಲೆಯ ಆಕಾರದ ಸ್ಟೈಲಸ್ಸನ್ನೂ ಒದಗಿಸಲಾಗಿತ್ತು. 2007ರಲ್ಲಿ 43.7 ಕೋಟಿ ಫೋನುಗಳನ್ನು ಮಾರಿದ್ದ ನೋಕಿಯಾಕ್ಕೆ ಯಂತ್ರ ಕಟ್ಟುವ ವಿದ್ಯೆ ಕರಗತವಾಗಿತ್ತು, ಆದರೆ ಗುಂಡಿಗಳ ಕಾಲಕ್ಕೆಂದು ಬರೆದ ಸಿಂಬಿಯನ್ ಎಂಬ ಅದರ ಕಾರ್ಯಾಚರಣ ವ್ಯವಸ್ಥೆ ಬೆರಳಿಗೆ ಒಗ್ಗಲಿಲ್ಲ. 2011ರ ಫೆಬ್ರವರಿಯಲ್ಲಿ ನೋಕಿಯಾ ಮೈಕ್ರೊಸಾಫ್ಟ್‌ನ ವಿಂಡೋಸ್ ಫೋನ್ ವ್ಯವಸ್ಥೆಯ ಮೊರೆಹೊಕ್ಕಿತು. 2014ರ ಏಪ್ರಿಲ್‌ನಲ್ಲಿ ಅದರ ಫೋನು ವಿಭಾಗವೇ ಮೈಕ್ರೊಸಾಫ್ಟ್ ಪಾಲಾಯಿತು. ಫಿನ್ಲೆಂಡಿನ ಸಾಲೊ ಪಟ್ಟಣದ ಕಾರ್ಖಾನೆ 2012ರಲ್ಲಿ ಮುಚ್ಚಿದ ಬಳಿಕ, ತೆರಿಗೆ ವ್ಯಾಜ್ಯದಲ್ಲೂ ಸಿಲುಕಿದ್ದ ಚೆನ್ನೈ ಬಳಿಯ ಶ್ರೀಪೆರಂಬದೂರಿನ ಕಾರ್ಖಾನೆ 2014ರ ನವೆಂಬರ್‌ನಲ್ಲಿ ಕೆಲಸ ನಿಲ್ಲಿಸಿತು.

ಭಾರತಕ್ಕೆ ಐಫೋನ್ ಅಧಿಕೃತವಾಗಿ ಬಂದದ್ದು 2008ರ ಆಗಸ್ಟ್ 22ರಂದು, ಏರ್‌ಟೆಲ್ ಮತ್ತು ವೊಡಾಫೋನ್ ಕಂಪನಿಗಳ ಮೂಲಕ. ಅಮೆರಿಕದಲ್ಲಿ ಕರಾರಿನೊಂದಿಗೆ 199 ಡಾಲರಿಗೆ ಸಿಗುತ್ತಿದ್ದ ಐಫೋನ್ 3ಜಿಗೆ ಇಲ್ಲಿ ಕರಾರಿನ ರಿಯಾಯಿತಿ ಇಲ್ಲದೆ 31,000 ರೂಪಾಯಿ ತೆರಬೇಕಿತ್ತು. ಹೆಸರಿನಲ್ಲೇ 3ಜಿ ಹೊತ್ತಿದ್ದ ಆ ಫೋನಿಗೆ ದೇಶದಲ್ಲಿ 3ಜಿ ಜಾಲವೇ ಇರಲಿಲ್ಲ. ಖಾಸಗಿ ಕಂಪನಿಗಳಿಗೆ ತರಂಗಾಂತರ ಹಂಚುವ ಹರಾಜು ನಡೆದು ಸರ್ಕಾರಕ್ಕೆ ಸುಮಾರು 67,700 ಕೋಟಿ ರೂಪಾಯಿ ಬಂದದ್ದು 2010ರಲ್ಲಿ. ಸ್ಪರ್ಶಪರದೆಯನ್ನು ಸಾಮಾನ್ಯರ ಕೈಗೆ ತಲುಪಿಸಿದ್ದು ಆ ಬಳಿಕ ಅಗ್ಗದ ಆ್ಯಂಡ್ರಾಯ್ಡ್ ಫೋನುಗಳನ್ನು ತಂದ ಸ್ಯಾಮ್‌ಸಂಗ್, ಮೈಕ್ರೊಮ್ಯಾಕ್ಸ್, ಹಾಗೂ ಬೆಂಗಳೂರಿನ ಯುಟಿಎಲ್ ಮತ್ತು ದೆಹಲಿಯ ಜೈನಾ ಸಮೂಹಗಳು ಜತೆಗೂಡಿ 2009ರಲ್ಲಿ ಆರಂಭಿಸಿದ ಕಾರ್ಬನ್ ಮುಂತಾದ ಕಂಪನಿಗಳು.

ಕನ್ನಡದ ಮಟ್ಟಿಗೆ ಗುಂಡಿಗಳ ನಿರ್ಗಮನ ವರವಾಗಬೇಕಿತ್ತು. ಹನ್ನೆರಡು ಗುಂಡಿಗಳ ಮೇಲೆ ನಲವತ್ತೊಂಬತ್ತು ವರ್ಣಗಳನ್ನು ಹೊಂದಿಸುವ ಪಾಡು ತಪ್ಪಿ, ಯಾವ ಲಿಪಿಯನ್ನಾದರೂ ಮೂಡಿಸಬಲ್ಲ ಗಾಜು ಕೈಗೆ ಬಂದಿತ್ತು. ಆದರೆ ಗಾಜಿನ ಹಿಂದಿನ ತಂತ್ರಾಂಶಕ್ಕೆ ಕನ್ನಡ ಗೊತ್ತಿರಲಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಕೇತ ಕೊಡುವ ಯುನಿಕೋಡ್ ಕ್ರಮದಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳ ಸಾಲಾಗಿ ಶೇಖರವಾಗುತ್ತದೆ. ಅವನ್ನು ಒತ್ತುಗಳೊಂದಿಗೆ ಕೂಡಿಸಿ ಒಂದು ಆಕೃತಿಯಾಗಿ ಬರೆಯುವ ಕೆಲಸ ಕಾರ್ಯಾಚರಣ ವ್ಯವಸ್ಥೆಯದು. ಈ ಜೋಡಣೆಯ ತಂತ್ರಾಂಶವೂ ಕನ್ನಡದ ಅಕ್ಷರಶೈಲಿಯೂ ಇಲ್ಲದ ಮೊದಮೊದಲ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಪುಟ ತೆರೆದರೆ ಕಾಣುತ್ತಿದ್ದುದು ಖಾಲಿ ಚೌಕಗಳ ಸಾಲು. ಒಪೆರಾ ಮಿನಿ ಎಂಬ ಜಾಲವೀಕ್ಷಕದ ಒಳಸೆಟ್ಟಿಂಗಿಗೆ ಹೋಗಿ ಒಂದು ಆಯ್ಕೆಯನ್ನು ಬದಲಿಸಿದರೆ, ಆ ಕಂಪನಿಯ ಸರ್ವರಿನಲ್ಲಿ ಅಕ್ಷರಗಳೆಲ್ಲ ಚಿತ್ರಗಳಾಗಿ ಮಾರ್ಪಟ್ಟು ಫೋನಿಗೆ ಬರುತ್ತಿದ್ದವು. ಕನ್ನಡ ಪತ್ರಿಕೆಗಳನ್ನು ಫೋನಿನಲ್ಲಿ ಓದಬಯಸುತ್ತಿದ್ದವರು ಈ ಉಪಾಯವನ್ನು ಒಬ್ಬರಿಂದೊಬ್ಬರು ಕಲಿತರು. 2012ರಲ್ಲಿ ಬಂದ ಆ್ಯಂಡ್ರಾಯ್ಡ್ 4.1 ಆವೃತ್ತಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ಕೊಟ್ಟ ಮೇಲೆ ಪರಿಸ್ಥಿತಿ ಸುಧಾರಿಸಿತು. ಆ್ಯಂಡ್ರಾಯ್ಡ್ ವ್ಯವಸ್ಥೆಯಲ್ಲಿ ಹೊರಗಿನವರು ಬರೆದ ಕೀಲಿಮಣೆಗೂ ಅವಕಾಶವಿದ್ದುದರಿಂದ, ಕೆ. ಪಿ. ರಾವ್ ರೂಪಿಸಿ ಕರ್ನಾಟಕ ಸರ್ಕಾರ ಮಾನ್ಯ ಮಾಡಿದ್ದ, ಮೇಜಿನ ಕಂಪ್ಯೂಟರಿನಲ್ಲಿ ಕನ್ನಡಿಗರಿಗೆ ರೂಢಿಯಾಗಿದ್ದ ಅಕ್ಷರ ವಿನ್ಯಾಸವೂ ಗಾಜಿನ ಮೇಲೆ ಬಂದಿತು.

ಆ್ಯಪಲ್‌ನಲ್ಲಿ ಈ ದಾರಿ ಇನ್ನೂ ದೂರವಾಗಿತ್ತು. ಹೊರಗಿನವರ ಕೀಲಿಮಣೆಗೆ ಅದು ಬಾಗಿಲು ತೆರೆದದ್ದು 2014ರಲ್ಲಿ. ತನ್ನದೇ ಕನ್ನಡ ಕೀಲಿಮಣೆಯನ್ನು ಸೇರಿಸಿದ್ದು 2017ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ, ಐಫೋನಿನ ಕಾರ್ಯಾಚರಣ ವ್ಯವಸ್ಥೆಯಾದ ಐಒಎಸ್ 11ರಲ್ಲಿ, ಮಲಯಾಳಂ ಮತ್ತು ಒಡಿಯಾಗಳ ಜತೆಗೆ. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಪೀಣ್ಯದಲ್ಲಿದ್ದ ತೈವಾನ್ ಮೂಲದ ವಿಸ್ಟ್ರಾನ್ ಕಂಪನಿಯ ಘಟಕದಲ್ಲಿ ಐಫೋನ್ ಎಸ್‌ಇ ಜೋಡಣೆ ಆರಂಭವಾಗಿತ್ತು. ಹೀಗಾಗಿ ಪೀಣ್ಯದಲ್ಲಿ ಜೋಡಣೆಯಾಗಿ ಹೊರಬಂದ ಮೊದಮೊದಲ ಐಫೋನುಗಳಲ್ಲಿ ಆ್ಯಪಲ್ ತಾನೇ ಒದಗಿಸಿದ ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.